ಎಡಕ್ಕೆ, ಬಲಕ್ಕೆ ಎನ್ನುವ ಧ್ವನಿ

ಮೋಟಾರು ಓಟದ ವಿಡಿಯೋ ಆಟವೊಂದನ್ನು ಮನೆಗೆ ತಂದುಕೊಂಡಿರುವ ಅರಸೀಕೆರೆಯ ಗೃಹಸ್ಥರೊಬ್ಬರು ಈ ತಿಂಗಳು ನಮಗೆ ಬರೆದಿರುವ ಕಾಗದದಲ್ಲಿ ಎರಡು ಪ್ರಶ್ನೆಗಳಿವೆ. ಅವರ ಮಗನು ಸೆಟ್ಟಿಂಗ್ಸ್‌ನಲ್ಲಿ ಕೈಯಾಡಿಸುತ್ತಿದ್ದಾಗ ಯಂತ್ರದ ಬರಹವೆಲ್ಲವೂ ಜಪಾನೀ ಲಿಪಿಗೆ ತಿರುಗಿಬಿಟ್ಟಿತಂತೆ. ಹುಡುಗನಿಗೂ ತಂದೆಗೂ ಹಿಂದಿರುಗುವ ದಾರಿ ತೋರದೆ ನಾಲ್ಕು ದಿನ ಕಾರುಗಳು ಜಪಾನೀ ಅಪ್ಪಣೆಯ ಮೇಲೆಯೇ ಓಡಿದುವಂತೆ. ಇದನ್ನು ಸರಿಪಡಿಸುವ ಬಗೆ ಯಾವುದು, ಆಟದ ಅಬ್ಬರವನ್ನು ತಗ್ಗಿಸುವುದು ಹೇಗೆ, ಎಂಬುದು ಮೊದಲನೆಯ ಪ್ರಶ್ನೆ. ಕಾಗದದ ಕೊನೆಯಲ್ಲಿ, ಅಷ್ಟೊಂದು ಭಾಷೆಗಳ ಹೆಸರಿದ್ದ ಆ ಪಟ್ಟಿಯಲ್ಲಿ ಕನ್ನಡವೇಕೆ ಇರಲಿಲ್ಲವೆಂದು ಒಂದೇ ಸಾಲಿನಲ್ಲಿ ಕೇಳಿದ್ದಾರೆ. ಮೊದಲನೆಯದಕ್ಕೆ ಉತ್ತರ ಸುಲಭ. ಎರಡನೆಯದು ಒಂದೇ ಸಾಲಿನದಾದರೂ ಅದಕ್ಕೆ ಹೆಚ್ಚು ಸ್ಥಳವನ್ನು ಕೊಡಬೇಕಾಗಿದೆ. ಇಂತಹ ಆಟಗಳಿಂದ ಮಕ್ಕಳಿಗೆ ಒಳಿತೋ ಕೆಡುಕೋ ಎಂಬ ಚರ್ಚೆಯನ್ನು ನಾವು ಇಲ್ಲಿ ಎತ್ತುವುದಿಲ್ಲ. ಆಟವು ಮನೆಯೊಳಕ್ಕೆ ಬಂದಾಗಿದೆ. ಅದು ಎಷ್ಟು ದನಿಯಲ್ಲಿ, ಯಾವ ನುಡಿಯಲ್ಲಿ ಮಾತನಾಡಬೇಕೆಂಬುದನ್ನು ಮನೆಯವರು ಗೊತ್ತುಮಾಡಬೇಕಷ್ಟೆ.

ಮೊದಲು ತಿಳಿಯತಕ್ಕ ಸಂಗತಿಯೆಂದರೆ, ಬರಹದ ಭಾಷೆ ಬೇರೆ, ಧ್ವನಿಯ ಭಾಷೆ ಬೇರೆ, ಸದ್ದಿನ ಪ್ರಮಾಣ ಬೇರೆ. ಅನೇಕ ಮನೆಗಳಲ್ಲಿ ಈ ಮೂರನ್ನೂ ಒಂದೇ ಎಂದು ತಿಳಿದು ಒಂದನ್ನು ತಿದ್ದಹೋಗಿ ಇನ್ನೊಂದನ್ನು ಕೆಡಿಸಿಕೊಳ್ಳುವುದುಂಟು. ತೆರೆಯ ಮೇಲೆ ಕಾಣುವ ಅಕ್ಷರಗಳು ಇಂಗ್ಲಿಷಿನಲ್ಲಿದ್ದು, ಒಳಗಿನಿಂದ ಕೇಳುವ ಮಾತು ಫ್ರೆಂಚಿನಲ್ಲಿರಬಹುದು. ಎರಡನ್ನೂ ಬೇರೆಬೇರೆಯಾಗಿ ಆರಿಸಿಕೊಳ್ಳಲು ಕೆಲವು ಆಟಗಳು ಬಿಡುತ್ತವೆ, ಕೆಲವು ಬಿಡುವುದಿಲ್ಲ. ಬಿಡದಿರುವ ಆಟಗಳು ತಮಗೆ ಆಧಾರವಾದ ಯಂತ್ರದ ಭಾಷೆಯನ್ನೇ ನೋಡಿಕೊಂಡು ನಡೆಯುತ್ತವೆ. ಆದಕಾರಣ ಆಟದೊಳಗೆ ಎಷ್ಟು ಹುಡುಕಿದರೂ ಭಾಷೆಯ ಪಟ್ಟಿ ಸಿಕ್ಕದಿದ್ದರೆ ಹೊರಗೆ ಬಂದು ಯಂತ್ರದಲ್ಲಿಯೇ ಹುಡುಕತಕ್ಕದ್ದು.

ಪ್ಲೇಸ್ಟೇಷನ್ 5 ಎಂಬ ಯಂತ್ರದಲ್ಲಾದರೆ ಮೇಲಿನ ಬಲಮೂಲೆಯಲ್ಲಿರುವ ಹಲ್ಲುಚಕ್ರದ ಗುರುತನ್ನು ಒತ್ತಿ ಸೆಟ್ಟಿಂಗ್ಸ್‌ಗೆ ಹೋಗಿ, ಅಲ್ಲಿ ಸಿಸ್ಟಮ್ ಎಂಬುದನ್ನೂ ಅದರೊಳಗೆ ಲ್ಯಾಂಗ್ವೇಜ್ ಎಂಬುದನ್ನೂ ಆರಿಸಬೇಕು. ಎಕ್ಸ್‌ಬಾಕ್ಸ್‌ನಲ್ಲಿಯೂ ಸೆಟ್ಟಿಂಗ್ಸ್, ಸಿಸ್ಟಮ್ ಎಂಬ ಅದೇ ದಾರಿ. ಅಲ್ಲಿ ಭಾಷೆಯೂ ದೇಶವೂ ಒಂದೇ ಪುಟದಲ್ಲಿವೆ, ಬದಲಾಯಿಸಿದ ಮೇಲೆ ಯಂತ್ರವನ್ನು ಆರಿಸಿ ಮತ್ತೆ ಹಚ್ಚಬೇಕು. ಕಂಪ್ಯೂಟರಿನಲ್ಲಿ ಸ್ಟೀಮ್ ಎಂಬ ಅಂಗಡಿಯ ಮೂಲಕ ಕೊಂಡ ಆಟವಾದರೆ, ಆಟದ ಹೆಸರಿನ ಮೇಲೆ ಮೌಸಿನ ಬಲಗುಂಡಿಯನ್ನೊತ್ತಿ ಪ್ರಾಪರ್ಟೀಸ್ ಎಂಬುದನ್ನು ತೆರೆದರೆ ಭಾಷೆಯ ಪಟ್ಟಿ ಸಿಕ್ಕುತ್ತದೆ. ಇಲ್ಲಿ ಒಂದು ಎಚ್ಚರಿಕೆಯುಂಟು. ಹೊಸ ಭಾಷೆಯನ್ನು ಆರಿಸಿದೊಡನೆ ಅದರ ಧ್ವನಿಯ ಕಡತಗಳನ್ನು ಯಂತ್ರವು ಹೊಸದಾಗಿ ತರಿಸಿಕೊಳ್ಳತೊಡಗಬಹುದು. ಮೊಬೈಲಿನ ಡೇಟಾವನ್ನು ಹಂಚಿಕೊಂಡು ಆಡುವ ಮನೆಯಲ್ಲಿ ಆ ದಿನದ ಡೇಟಾ ಅಲ್ಲಿಗೇ ತೀರಿತೆಂದು ತಿಳಿಯಬೇಕು.

ಇನ್ನು ಜಪಾನೀ ಲಿಪಿಯಲ್ಲಿ ಸಿಕ್ಕಿಬಿದ್ದವರ ಮಾತು. ಭಾಷೆಗಳ ಪಟ್ಟಿಯಲ್ಲಿ ಪ್ರತಿಯೊಂದು ಭಾಷೆಯ ಹೆಸರನ್ನೂ ಸಾಮಾನ್ಯವಾಗಿ ಆಯಾ ಭಾಷೆಯ ಲಿಪಿಯಲ್ಲಿಯೇ ಬರೆದಿರುತ್ತಾರೆ. ಆದುದರಿಂದ ಆ ಪಟ್ಟಿಯವರೆಗೆ ತಲುಪಿದರೆ ಸಾಕು, ಇಂಗ್ಲಿಷೆಂಬ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿಯೇ ಕಣ್ಣಿಗೆ ಬೀಳುತ್ತದೆ. ತಲುಪುವುದೇ ಕಷ್ಟವಾದರೆ ಮೊಬೈಲನ್ನು ಕೈಗೆತ್ತಿಕೊಂಡು ಗೂಗಲ್ ಟ್ರಾನ್ಸ್‌ಲೇಟ್‌ನ ಕ್ಯಾಮರಾವನ್ನು ಟಿ.ವಿ.ಯ ಕಡೆಗೆ ಹಿಡಿಯಿರಿ. ಜಪಾನೀ ಬರಹವನ್ನು ಅದು ಕನ್ನಡಕ್ಕೆ ತಿರುಗಿಸಿ ತೋರಿಸುತ್ತದೆ. ಆ ಕನ್ನಡವು ಅಲ್ಲಲ್ಲಿ ನಗೆ ಬರಿಸುವಂತಿದ್ದರೂ ದಾರಿ ತೋರಿಸುವಷ್ಟಕ್ಕೆ ಏನೂ ಕೊರತೆಯಿಲ್ಲ. ಆಟ ಮಾಡಿದವರು ಕೊಡದ ಕನ್ನಡವನ್ನು ಕಿಸೆಯಲ್ಲಿರುವ ಯಂತ್ರ ಕೊಡುತ್ತದೆಂಬುದನ್ನು ವಾಚಕರು ಗಮನಿಸಬೇಕು.

ಸದ್ದಿನ ವಿಷಯಕ್ಕೆ ಬರೋಣ. ಆಡಿಯೋ ಎಂಬ ಪುಟವನ್ನು ತೆರೆದರೆ ಒಟ್ಟು ಸದ್ದು, ಸಂಗೀತ, ಎಂಜಿನ್ನಿನ ಸದ್ದು, ಟೈರುಗಳ ಸದ್ದು, ಮಾತು ಎಂದು ನಾಲ್ಕೈದು ಗೆರೆಗಳು ಕಾಣುತ್ತವೆ. ಮನೆಯ ಹಿರಿಯರು ಕೋಪದಿಂದ ಮೊದಲು ಎಳೆಯುವುದು ಒಟ್ಟು ಸದ್ದಿನ ಗೆರೆಯನ್ನು. ಅದರಿಂದ ಹುಡುಗನಿಗೆ ಬೇಕಾದದ್ದೂ ಬೇಡವಾದದ್ದೂ ಒಟ್ಟಿಗೆ ತಗ್ಗಿ, ಅವನು ಹತ್ತು ನಿಮಿಷದಲ್ಲಿ ಪುನಃ ಏರಿಸಿಕೊಳ್ಳುತ್ತಾನೆ. ನಮ್ಮ ಸಲಹೆಯೆಂದರೆ ಸಂಗೀತವನ್ನು ಸೊನ್ನೆಗಿಳಿಸಿ. ಆಟಕ್ಕೆ ಅದರಿಂದ ಯಾವ ಉಪಕಾರವೂ ಇಲ್ಲ. ಎಂಜಿನ್ನಿನ ಸದ್ದನ್ನು ಅರ್ಧಕ್ಕೆ ತನ್ನಿರಿ, ಆದರೆ ಪೂರ್ತಿಯಾಗಿ ಅಡಗಿಸಬೇಡಿ. ಗೇರನ್ನು ಬದಲಾಯಿಸುವ ಕಾಲವನ್ನು ಕಾರು ಬಿಡುವವನು ಕಿವಿಯಿಂದಲೇ ತಿಳಿಯುತ್ತಾನೆ. ಟೈರು ಹಿಡಿತ ಬಿಡುವ ಮುನ್ನ ಕಿರುಗುಟ್ಟುವುದೂ ಅವನಿಗೆ ಒಂದು ಸಂಜ್ಞೆ. ಇವೆರಡನ್ನೂ ಕಿತ್ತುಕೊಂಡರೆ ಹುಡುಗನು ತಿರುವಿನಲ್ಲಿ ಗೋಡೆಗೆ ಬಡಿದು, ಮತ್ತೆ ಮೊದಲಿನಿಂದ ಆಡಿ, ಅರ್ಧ ಗಂಟೆಯ ಆಟವನ್ನು ಒಂದೂವರೆ ಗಂಟೆ ಮಾಡುತ್ತಾನೆ. ಮಾತಿನ ಗೆರೆಯನ್ನು ಮಾತ್ರ ಎಲ್ಲಕ್ಕಿಂತ ಮೇಲಿಡಿ. ಏಕೆಂಬುದನ್ನು ಮುಂದೆ ಹೇಳುತ್ತೇವೆ.

ಹೆಡ್‌ಫೋನ್ ಕೊಡಿಸಿದರೆ ಮನೆಗೆ ಶಾಂತಿಯೇನೋ ಸಿಕ್ಕುತ್ತದೆ, ಆದರೆ ಸದ್ದೆಲ್ಲವೂ ಮಗುವಿನ ಕಿವಿಯೊಳಕ್ಕೆ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ದೊಡ್ಡವರಿಗೆ ವಾರಕ್ಕೆ 40 ಗಂಟೆಗಳ ಕಾಲ 80 ಡೆಸಿಬೆಲ್ ಎಂದೂ ಮಕ್ಕಳಿಗೆ ಅಷ್ಟೇ ಕಾಲಕ್ಕೆ 75 ಡೆಸಿಬೆಲ್ ಎಂದೂ ಮೇರೆಯನ್ನು ಹಾಕಿಕೊಟ್ಟಿದೆ. ಸದ್ದು 3 ಡೆಸಿಬೆಲ್ ಏರಿದರೆ ಕೇಳಬಹುದಾದ ಕಾಲವು ಅರ್ಧವಾಗಬೇಕು. ಡೆಸಿಬೆಲ್ ಎಂದರೇನೆಂದು ಎಲ್ಲರೂ ಅಳೆಯಲಾರರು. ಹೆಡ್‌ಫೋನ್ ಹಾಕಿಕೊಂಡಿರುವಾಗ ಮಾರುದೂರದಿಂದ ಎಂದಿನ ದನಿಯಲ್ಲಿ ಹೆಸರು ಹಿಡಿದು ಕರೆಯಿರಿ. ಮಗು ಓಗೊಡದಿದ್ದರೆ ಸದ್ದು ಹೆಚ್ಚಾಗಿದೆ. (ಕೇಳಿಸಿಯೂ ಓಗೊಡದ ಮಕ್ಕಳಿಗೆ ನಮ್ಮಲ್ಲಿ ಮದ್ದಿಲ್ಲ.)

ಈಗ ಮಾತಿನ ಗೆರೆ. ವರ್ತುಲಾಕಾರದ ಮೈದಾನದಲ್ಲಿ ಸುತ್ತುವ ಓಟದ ಆಟಗಳಲ್ಲಿ ಮಾತೆಂಬುದು ಬರಿಯ ಅಲಂಕಾರ. ಅದು ಜರ್ಮನ್ ಭಾಷೆಯಲ್ಲಿದ್ದರೂ ನಡೆಯುತ್ತದೆ. ರ‍್ಯಾಲಿಯ ಆಟದಲ್ಲಿ ಹಾಗಲ್ಲ. ರ‍್ಯಾಲಿಯೆಂದರೆ ಕಾಡು, ತೋಟ, ಗುಡ್ಡಗಳ ಕಚ್ಚಾರಸ್ತೆಯಲ್ಲಿ ಒಂದೊಂದೇ ಕಾರನ್ನು ಬಿಟ್ಟು ಕಾಲವನ್ನು ಅಳೆಯುವ ಪಂದ್ಯ. ಮುಂದಿನ ತಿರುವು ಬಿಡುವವನ ಕಣ್ಣಿಗೆ ಕಾಣುವುದಿಲ್ಲ. ಆದುದರಿಂದ ಪಕ್ಕದಲ್ಲಿ ಸಹಚಾಲಕನು ಕುಳಿತು, ಮೊದಲೇ ದಾರಿಯನ್ನು ನೋಡಿ ಬರೆದಿಟ್ಟುಕೊಂಡ ಟಿಪ್ಪಣಿಯನ್ನು ಗಟ್ಟಿಯಾಗಿ ಓದುತ್ತ ಹೋಗುತ್ತಾನೆ: ಯಾವ ಕಡೆಗೆ ತಿರುವು, ಎಷ್ಟು ಬಿಗಿಯಾದ ತಿರುವು, ಅದರ ಮುಂದೆ ಎಷ್ಟು ಮೀಟರು ನೇರದಾರಿ. ಬಿಗಿಯನ್ನು ಒಂದರಿಂದ ಆರರವರೆಗಿನ ಅಂಕೆಗಳಿಂದ ಹೇಳುವುದು ರೂಢಿ. ಬಹುಮಟ್ಟಿಗೆ ಒಂದೆಂದರೆ ತೀರ ಬಿಗಿ, ಆರೆಂದರೆ ನೇರಕ್ಕೆ ಸಮೀಪ. 1998ರಲ್ಲಿ ಹೊರಬಂದ ‘ಕಾಲಿನ್ ಮೆಕ್‌ರೇ ರ‍್ಯಾಲಿ’ ಎಂಬ ಆಟದಲ್ಲಿ ಮೆಕ್‌ರೇಯವರ ನಿಜವಾದ ಸಹಚಾಲಕರಾಗಿದ್ದ ನಿಕಿ ಗ್ರಿಸ್ಟ್‌ರವರೇ ಈ ಕರೆಗಳಿಗೆ ಧ್ವನಿ ಕೊಟ್ಟರು. ಅಲ್ಲಿಂದೀಚೆಗೆ ರ‍್ಯಾಲಿಯ ಆಟವೆಂದರೆ ಅರ್ಧ ಕಣ್ಣಿನದು, ಅರ್ಧ ಕಿವಿಯದು.

ಇದು ಪರದೇಶದ ವಿಲಾಸವೆಂದು ತಿಳಿಯಬೇಕಾಗಿಲ್ಲ. ಬೇಲೂರಿನಿಂದ ಒಂದು ಗಂಟೆಯೊಳಗೆ ತಲುಪಬಹುದಾದ ಚಿಕ್ಕಮಗಳೂರಿನ ಕಾಫಿತೋಟಗಳಲ್ಲಿ 2016 ಮತ್ತು 2017ರಲ್ಲಿ ಏಷ್ಯಾ-ಪೆಸಿಫಿಕ್ ರ‍್ಯಾಲಿಯ ಸುತ್ತುಗಳು ನಡೆದುವು. ನಮ್ಮ ದೇಶದ ರಾಷ್ಟ್ರೀಯ ರ‍್ಯಾಲಿಗಳಲ್ಲಿ ಗೌರವ್ ಗಿಲ್ಲರ ಪಕ್ಕದಲ್ಲಿ ಕುಳಿತು ದಾರಿಯನ್ನು ಓದಿ ಹೆಸರಾದ ಮೂಸಾ ಶರೀಫರು ಕಾಸರಗೋಡು ಜಿಲ್ಲೆಯವರು.

ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಓಡುವ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರು ಮುಂದಕ್ಕೆ ಹೋಗುತ್ತದೆ. ಕೇಳಿದ ಮಾತನ್ನು ಮನಸ್ಸಿನಲ್ಲಿ ತನ್ನ ಭಾಷೆಗೆ ತಿರುಗಿಸಿಕೊಳ್ಳಲು ಅರ್ಧ ಸೆಕೆಂಡು ಹಿಡಿದರೂ 14 ಮೀಟರು ಕಳೆದು ಹೋಯಿತು. ತೋಟದ ದಾರಿಯಲ್ಲಿ ಅಷ್ಟರೊಳಗೆ ತಿರುವು ಬಂದು ಕಾರು ಗಿಡಗಳ ನಡುವೆ ಇರುತ್ತದೆ. ಆದುದರಿಂದ ಈ ಮಾತು ಅರ್ಥವಾದರೆ ಸಾಲದು, ಅರ್ಥಮಾಡಿಕೊಳ್ಳುವ ಕೆಲಸವೇ ಇಲ್ಲದೆ ಕೈಯನ್ನು ತಿರುಗಿಸಬೇಕು. ಅರಸೀಕೆರೆಯಿಂದ ಬೇಲೂರಿಗೆ ಬಸ್ಸಿನಲ್ಲಿ ಹೋಗಿಬರುವ ಹುಡುಗನು ಹುಟ್ಟಿದಂದಿನಿಂದ ಕೇಳಿರುವ ‘ರೈಟ್’ ಎಂಬ ಶಬ್ದಕ್ಕೆ ಅರ್ಥವೇನು? ಕಂಡಕ್ಟರು ‘ರೈಟ್ ರೈಟ್’ ಎಂದರೆ ಬಸ್ಸು ಮುಂದಕ್ಕೆ ಹೊರಡಬೇಕು. ‘ಹೋಲ್ಡಾನ್’ ಎಂದರೆ ನಿಲ್ಲಬೇಕು. ಅದೇ ಹುಡುಗನಿಗೆ ಆಟದಲ್ಲಿ ಆಂಗ್ಲ ಸಹಚಾಲಕನು ‘ರೈಟ್’ ಎಂದರೆ ಬಲಕ್ಕೆ ತಿರುಗಬೇಕು. ಶಾಲೆಯಲ್ಲಿ ಕಲಿತ ಅರ್ಥ ಅವನಿಗೆ ಗೊತ್ತಿಲ್ಲವೆಂದಲ್ಲ. ಆತುರದಲ್ಲಿ ಮೊದಲು ಏಳುವುದು ಬಸ್ಸಿನ ಅರ್ಥವೇ. ಹುಡುಗರು ತಿರುವಿನಲ್ಲಿ ನೇರಕ್ಕೆ ನುಗ್ಗುವುದಕ್ಕೆ ಇದೂ ಒಂದು ಕಾರಣವಾಗಿದ್ದೀತೆಂದು ನಮ್ಮ ಊಹೆ.

ಹಾಗಾದರೆ ಕನ್ನಡವೇಕಿಲ್ಲ? ‘ಫೋರ್ಜಾ ಹೊರೈಜನ್ 5’, ‘ಗ್ರಾನ್ ಟುರಿಸ್ಮೊ 7’, ರ‍್ಯಾಲಿಯ ಆಟವಾದ ‘ಇ.ಎ. ಸ್ಪೋರ್ಟ್ಸ್ ಡಬ್ಲ್ಯು.ಆರ್.ಸಿ.’ ಇವುಗಳಲ್ಲೊಂದರಲ್ಲಿಯೂ ಅದು ಇಲ್ಲ. ಇವುಗಳಲ್ಲಿ ಮೊದಲನೆಯದು 2022ರಲ್ಲಿ ಕಿವುಡರಿಗಾಗಿ ಅಮೆರಿಕದ ಹಾಗೂ ಬ್ರಿಟನ್ನಿನ ಸಂಜ್ಞಾಭಾಷೆಗಳನ್ನು ಕಥಾಭಾಗದ ದೃಶ್ಯಗಳಿಗೆ ಸೇರಿಸಿತು. ಅದು ಮೆಚ್ಚತಕ್ಕ ಕೆಲಸ. ಮನಸ್ಸಿದ್ದರೆ ಪಟ್ಟಿಯು ಬೆಳೆಯುತ್ತದೆಂಬುದಕ್ಕೆ ಸಾಕ್ಷಿಯೂ ಹೌದು. ಆದರೆ ಮನಸ್ಸು ಬರುವುದು ಲೆಕ್ಕದ ಪುಸ್ತಕವನ್ನು ನೋಡಿ. ಆ ಲೆಕ್ಕವು ಹೇಗಿದೆಯೆಂದರೆ: ಸ್ಟೀಮ್‌ನವರು ತಿಂಗಳು ತಿಂಗಳೂ ಪ್ರಕಟಿಸುವ ಸಮೀಕ್ಷೆಯಲ್ಲಿ ಆಟಗಾರರು ಯಾವ ಭಾಷೆಯನ್ನು ಇಟ್ಟುಕೊಂಡಿದ್ದಾರೆಂಬ ಎಣಿಕೆಯಿರುತ್ತದೆ. ಅಲ್ಲಿ ಕನ್ನಡವನ್ನು ಆರಿಸಿಕೊಳ್ಳಲು ಎಡೆಯೇ ಇಲ್ಲ. ಆದಕಾರಣ ಹಾಸನ ಜಿಲ್ಲೆಯಿಂದ ಆಡುವ ಹುಡುಗನು ಇಂಗ್ಲಿಷಿನ ಲೆಕ್ಕಕ್ಕೆ ಸೇರುತ್ತಾನೆ. ಬಾಗಿಲನ್ನು ಮುಚ್ಚಿಟ್ಟು, ಯಾರೂ ಒಳಕ್ಕೆ ಬರಲಿಲ್ಲವಲ್ಲ ಎಂದು ಬರೆದುಕೊಂಡ ಹಾಗಾಯಿತು.

ಇನ್ನೊಂದು ಕಾರಣವನ್ನೂ ಹೇಳುವುದುಂಟು, ಕನ್ನಡದ ಲಿಪಿ ಕಷ್ಟವೆಂದು. ಇದರಲ್ಲಿ ಸ್ವಲ್ಪ ಸತ್ಯವಿದೆ. ಇಂಗ್ಲಿಷ್ ಅಕ್ಷರಗಳನ್ನು ಒಂದರ ಪಕ್ಕಕ್ಕೊಂದು ಇಟ್ಟರೆ ಮಾತಾಗುತ್ತದೆ. ಕನ್ನಡದಲ್ಲಿ ‘ಸ್ತ್ರೀ’ ಎಂದು ಬರೆಯಬೇಕಾದರೆ ಒತ್ತುಗಳು ಕೆಳಗೆ ಸೇರಬೇಕು, ದೀರ್ಘವು ಪಕ್ಕಕ್ಕೆ ಬರಬೇಕು. ಆಟದ ಯಂತ್ರಕ್ಕೆ ಈ ಜೋಡಣೆಯನ್ನು ಬೇರೆಯಾಗಿ ಕಲಿಸಬೇಕು. ಆದರೆ ಲೋಕದ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದೆ. 2014ರಲ್ಲಿ ಬಂದ ಆಂಡ್ರಾಯ್ಡ್ 5.0ರಲ್ಲಿ ಮೊಬೈಲಿನ ಪಟ್ಟಿಗಳೆಲ್ಲವೂ ಕನ್ನಡದಲ್ಲಿ ಓದಲು ಸಿಕ್ಕಿದುವು. ಕಲಿಸುವವರಿದ್ದರೆ ಯಂತ್ರವು ಕಲಿಯುತ್ತದೆಂದು ಇದರಿಂದ ತಿಳಿಯುತ್ತದಷ್ಟೆ. ಅದೂ ಇರಲಿ, ಅಕ್ಷರಕ್ಕಿರುವ ತೊಡಕು ಧ್ವನಿಗೆ ಎಲ್ಲಿಯದು? ಧ್ವನಿಗೆ ಒತ್ತಕ್ಷರವನ್ನು ಜೋಡಿಸಬೇಕಾಗಿಲ್ಲ, ಅಚ್ಚಿನ ಮೊಳೆ ಬೇಕಾಗಿಲ್ಲ. ಯಾವ ಭಾಷೆಯದಾದರೂ ಯಂತ್ರಕ್ಕೆ ಅದು ಒಂದೇ. ಪಟ್ಟಿಗಳಲ್ಲಿ ಕನ್ನಡ ಬರಹವು ಬರಲು ಎಷ್ಟು ಕಾಲ ಹಿಡಿದರೂ ಹಿಡಿಯಲಿ, ಕನ್ನಡ ಧ್ವನಿಯು ಅದಕ್ಕಾಗಿ ಕಾಯಬೇಕಾದ್ದಿಲ್ಲ.

ಧ್ವನಿಯು ಬಂದ ಕಡೆಗಳೂ ಇವೆ. 2018ರಲ್ಲಿ ಐ.ಪಿ.ಎಲ್. ಕ್ರಿಕೆಟ್ಟಿನ ವಿವರಣೆಯನ್ನು ಕನ್ನಡದಲ್ಲಿಯೂ ಕೇಳುವಂತಾಯಿತು. ಅದೇ ವರ್ಷ ಗೂಗಲ್ ಮ್ಯಾಪ್ಸ್ ಕನ್ನಡದಲ್ಲಿ ದಾರಿ ಹೇಳತೊಡಗಿತು. ಬಾಣಾವರ, ಜಾವಗಲ್ಲುಗಳ ಮೇಲೆ ಹಳೇಬೀಡಿಗೆ ಕಾರಿನಲ್ಲಿ ಹೋಗುವವರು, ಅಲ್ಲಿಂದ ಮುಂದೆ 16 ಕಿಲೋಮೀಟರು ಬೇಲೂರಿಗೆ ಸಾಗುವವರು, ಅದರ ಸೆಟ್ಟಿಂಗ್ಸ್‌ನಲ್ಲಿ ಧ್ವನಿಯೆಂಬಲ್ಲಿ ಕನ್ನಡವನ್ನು ಆರಿಸಿಕೊಂಡರೆ ದಾರಿಯುದ್ದಕ್ಕೂ ಒಬ್ಬ ಸಹಚಾಲಕಿ ಸಿಕ್ಕಿದಂತಾಯಿತು. ಅವಳ ಮಾತು ಕೊಂಚ ಬಿರುಸು, ಊರುಗಳ ಹೆಸರನ್ನು ಕೆಲವೊಮ್ಮೆ ಹೊರಗಿನವರ ಹಾಗೆ ಉಚ್ಚರಿಸುತ್ತಾಳೆ. ಆದರೂ ಎಡಬಲಗಳಲ್ಲಿ ಗೊಂದಲವಿಲ್ಲ. ನಿಜವಾದ ದಾರಿಯಲ್ಲಿ ಕನ್ನಡವು ದಾರಿ ತೋರುತ್ತಿರುವಾಗ ಆಟದ ದಾರಿಯಲ್ಲಿ ಆಗದೆಂಬ ಮಾತನ್ನು ನಾವು ಒಪ್ಪುವುದಿಲ್ಲ. ಅರಸೀಕೆರೆಯ ಜಂಕ್ಷನ್ನಿನಲ್ಲಿ ನಿಂತವರು ಇದರ ಒಳಗುಟ್ಟನ್ನೂ ಕಿವಿಯಾರೆ ಕೇಳಬಹುದು. ಹುಬ್ಬಳ್ಳಿಯ ಕಡೆಗೋ ಮೈಸೂರಿನ ಕಡೆಗೋ ಹೋಗುವ ಗಾಡಿಯ ಬರವನ್ನು ಮೂರು ಭಾಷೆಗಳಲ್ಲಿ ಸಾರುವಾಗ ಗಾಡಿಯ ಸಂಖ್ಯೆಯನ್ನು ಅಂಕೆ ಅಂಕೆಯಾಗಿ, ಒಂದೊಂದರ ನಡುವೆ ಚಿಕ್ಕ ಬಿಡುವು ಕೊಟ್ಟು ಹೇಳುತ್ತಾರಲ್ಲವೆ? ಬೇರೆಬೇರೆಯಾಗಿ ಮುದ್ರಿಸಿಟ್ಟ ತುಣುಕುಗಳನ್ನು ಯಂತ್ರವು ಹೆಣೆಯುವುದರ ಗುರುತು ಅದು. ರ‍್ಯಾಲಿಯ ಆಟದಲ್ಲಿ ನಡೆಯುವುದೂ ಇದೇ. ‘ಎಡಕ್ಕೆ’ ಒಂದು ತುಣುಕು, ‘ಮೂರು’ ಒಂದು ತುಣುಕು. ದಾರಿಗೆ ತಕ್ಕಂತೆ ಪೋಣಿಸುವುದು ಯಂತ್ರದ ಕೆಲಸ.

ಬೇಲೂರು ಸೀಮೆಯವರಿಗೆ ಈ ಭಾಷೆಯ ಆಯ್ಕೆ ಹೊಸದಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಎಂ.ಎಚ್. ಕೃಷ್ಣರವರು ಶೋಧಿಸಿದ ಐದನೆಯ ಶತಮಾನದ ಶಾಸನದಲ್ಲಿ ವಿಷ್ಣುಸ್ತುತಿಯು ಸಂಸ್ಕೃತದಲ್ಲಿದೆ; ಯಾರಿಗೆ ಯಾವ ಹಳ್ಳಿಗಳನ್ನು ಬಿಟ್ಟುಕೊಟ್ಟರೆಂಬುದು ಕನ್ನಡದಲ್ಲಿದೆ. ಹೊಯ್ಸಳರ ಕಾಲದ ದಾನಶಾಸನಗಳಲ್ಲಿಯೂ ಸ್ತುತಿಗೆ, ಕೊನೆಯ ಶಾಪವಾಕ್ಯಕ್ಕೆ ಸಂಸ್ಕೃತಶ್ಲೋಕ ಬಂದರೂ, ಹೊಲದ ಎಲ್ಲೆ ಮೂಡಲಿಗೆ ಎಲ್ಲಿಯವರೆಗೆ, ತೆಂಕಲಿಗೆ ಯಾವ ಕೆರೆಯವರೆಗೆ ಎಂದು ಹೇಳುವಲ್ಲಿ ಕನ್ನಡವೇ ಬರುತ್ತದೆ. ದಿಕ್ಕನ್ನು ತಪ್ಪದೆ ತಿಳಿಯಬೇಕಾದ ಕಡೆ ನೆಲದ ಮಾತು ಬೇಕೆಂದು ಅವರೂ ಕಂಡುಕೊಂಡಿದ್ದರು.

ಆಟ ಮಾಡುವವರು ಕೊಡುವವರೆಗೆ ಮನೆಯವರು ಏನು ಮಾಡಬಹುದು? ಎರಡು ದಾರಿಗಳಿವೆ. ಒಂದಕ್ಕೆ ಖರ್ಚಿಲ್ಲ, ವಿದ್ಯೆಯೂ ಬೇಕಾಗಿಲ್ಲ. ಆಡಿಯೋ ಪುಟದಲ್ಲಿ ಸಹಚಾಲಕನ ಮಾತಿಗೆ ಬೇರೆ ಗೆರೆಯಿದ್ದರೆ ಅದನ್ನು ಸೊನ್ನೆಗಿಳಿಸಿ. ಅವನ ಕರೆಗಳು ತೆರೆಯ ಮೇಲೆ ಬಾಣದ ಗುರುತು ಹಾಗೂ ಅಂಕೆಯಾಗಿ ಕಾಣುತ್ತವೆ. ಕಾಣದಿದ್ದರೆ ಅವನ್ನು ತೋರಿಸುವಂತೆ ಸೆಟ್ಟಿಂಗ್ಸ್‌ನಲ್ಲಿ ಮಾಡಿಕೊಳ್ಳಿ. ಇನ್ನು ತಾತನವರನ್ನೋ ತಂಗಿಯನ್ನೋ ಹುಡುಗನ ಪಕ್ಕದಲ್ಲಿ ಕೂರಿಸಿ, ಬಾಣವನ್ನು ನೋಡಿ ಕನ್ನಡದಲ್ಲಿ ಕೂಗಿ ಹೇಳಲಿ. ಬಾಣವನ್ನೂ ಅಂಕೆಯನ್ನೂ ಓದಲು ಇಂಗ್ಲಿಷು ಬಾರದಿದ್ದರೂ ಆಗುತ್ತದೆ. ಕರೆಯು ಎಷ್ಟು ಮುಂಚಿತವಾಗಿ ಬರಬೇಕೆಂಬುದನ್ನು ಗೊತ್ತುಮಾಡುವ ಅನುಕೂಲವು ಕೆಲವು ಆಟಗಳಲ್ಲಿದೆ. ಅದನ್ನು ಆದಷ್ಟು ಮುಂಚಿತವಾಗಿ ಇಡಿರಿ, ಏಕೆಂದರೆ ನೋಡಿ ಹೇಳುವವರಿಗೂ ಒಂದು ಕ್ಷಣ ಬೇಕಷ್ಟೆ. ಒಬ್ಬನೇ ಕೋಣೆಯಲ್ಲಿ ಕುಳಿತು ಆಡುತ್ತಿದ್ದ ಆಟವು ಇದರಿಂದ ಇಬ್ಬರ ಆಟವಾಗುತ್ತದೆ. ಹಿರಿಯರು ಒಂದು ವಾರ ಹೀಗೆ ಕುಳಿತರೆ ಸದ್ದಿನ ಬಗ್ಗೆ ದೂರುವುದನ್ನು ಬಿಡುತ್ತಾರೆಂದು ನಮಗೆ ತೋರುತ್ತದೆ.

ಹೀಗೆ ಕೂಗುವಾಗ ಕನ್ನಡದ ಒಂದು ತೊಡಕು ಎದುರಾಗುತ್ತದೆ. ಮೂರು, ಆರು, ನೂರು: ಎಂಜಿನ್ನಿನ ಅಬ್ಬರದಲ್ಲಿ ಮೊದಲಕ್ಷರ ಮುಳುಗಿ ‘ರು’ ಮಾತ್ರ ಉಳಿಯುತ್ತದೆ. ಮೂರೆಂದರೆ ಬಿಗಿಯಾದ ತಿರುವು, ಆರೆಂದರೆ ಬಹುತೇಕ ನೇರ, ನೂರೆಂದರೆ ತಿರುವೇ ಅಲ್ಲ, ದೂರ. ಇವುಗಳನ್ನು ತಪ್ಪಾಗಿ ಕೇಳಿದರೆ ಆಗುವುದೇನೆಂದು ಹೇಳಬೇಕಾದ್ದಿಲ್ಲ. ಇಂಗ್ಲಿಷಿಗೂ ಇಂತಹ ಕಷ್ಟವುಂಟು; ವಿಮಾನದವರು ರೇಡಿಯೋದಲ್ಲಿ ‘ಫೈವ್’ ಮತ್ತು ‘ನೈನ್’ಗಳು ಕಲಸಿಹೋಗುವುದೆಂದು ಒಂಬತ್ತನ್ನು ‘ನೈನರ್’ ಎಂದು ತಿದ್ದಿಕೊಂಡರು. ನಾವೂ ತಿದ್ದಿಕೊಳ್ಳಬಹುದು. ಆರರ ಬದಲು ‘ಸಲೀಸು’ ಎನ್ನಿ. ದೂರವನ್ನು ಹೇಳುವಾಗ ಮುಂದೆ ‘ಹಾದಿ’ ಎಂಬುದನ್ನು ಸೇರಿಸಿ ‘ಹಾದಿ ನೂರು’ ಎನ್ನಿ. ‘ಎಡ ಎರಡು’ ಎಂದು ವೇಗದಲ್ಲಿ ಹೇಳಿದರೆ ನಡುವಿನ ಎರಡು ಸ್ವರಗಳು ಕೂಡಿಕೊಂಡು ಒಂದಾಗಿ ಕೇಳುತ್ತವೆ. ‘ಎಡಕ್ಕೆ’, ‘ಬಲಕ್ಕೆ’ ಎಂದರೆ ನಡುವಿನ ಒತ್ತಕ್ಷರವು ಕಿವಿಗೆ ಬಡಿದು ಮುಂದಿನ ಅಂಕೆಯನ್ನು ಬೇರ್ಪಡಿಸುತ್ತದೆ. ಒಂದು ಅಕ್ಷರ ಉದ್ದವಾದರೂ ಇದೇ ಮೇಲು. ಪೂರ್ತಿ ಹಿಂದಕ್ಕೆ ಹೊರಳುವ ತಿರುವಿಗೆ ಘಟ್ಟದ ದಾರಿಗಳಲ್ಲಿ ಬಳಸುವ ‘ಹಿಮ್ಮುರಿ’ ಎಂಬ ಮಾತು ಸಿದ್ಧವಾಗಿಯೇ ಇದೆ. ಎಚ್ಚರಿಕೆಗೆ ‘ಜೋಕೆ’ ಸಾಕು. ‘ಜೋಪಾನವಾಗಿ ಹೋಗಪ್ಪ’ ಎಂದು ಅಜ್ಜಿಯವರು ಹೇಳಿ ಮುಗಿಸುವಷ್ಟರಲ್ಲಿ ಕಾರು ಕಂದಕದಲ್ಲಿರುತ್ತದೆ.

ಎರಡನೆಯ ದಾರಿಗೆ ಸ್ವಲ್ಪ ತಾಳ್ಮೆ ಬೇಕು. 2001ರಲ್ಲಿ ವಿಶ್ವ ರ‍್ಯಾಲಿಯನ್ನು ಗೆದ್ದ ಆಂಗ್ಲ ಚಾಲಕರ ಹೆಸರಿನಲ್ಲಿ 2004ರಲ್ಲಿ ‘ರಿಚರ್ಡ್ ಬರ್ನ್ಸ್ ರ‍್ಯಾಲಿ’ ಎಂಬ ಕಂಪ್ಯೂಟರ್ ಆಟವು ಹೊರಬಂದಿತು. ಅದು ಹಳೆಯದಾದರೂ ಅಭಿಮಾನಿಗಳು ಅದಕ್ಕೆ ಹೊಸ ದಾರಿಗಳನ್ನೂ ಸಲಕರಣೆಗಳನ್ನೂ ಸೇರಿಸುತ್ತ ಉಳಿಸಿಕೊಂಡಿದ್ದಾರೆ. ಅವರು ಸೇರಿಸಿದ ಸಲಕರಣೆಯಲ್ಲಿ ಸಹಚಾಲಕನ ಒಂದೊಂದು ಮಾತಿಗೂ ಒಂದೊಂದು ಧ್ವನಿಕಡತವಿರುತ್ತದೆ. ಆ ಕಡತಗಳನ್ನು ತೆಗೆದು ಅದೇ ಹೆಸರಿನ ಬೇರೆ ಕಡತಗಳನ್ನಿಟ್ಟರೆ ಸಹಚಾಲಕನು ಬೇರೆ ಭಾಷೆಯನ್ನಾಡುತ್ತಾನೆ. ಯೂರೋಪಿನ ಹಲವು ದೇಶಗಳ ಅಭಿಮಾನಿಗಳು ಹೀಗೆಯೇ ತಮ್ಮ ನುಡಿಯ ಸಹಚಾಲಕರನ್ನು ಮಾಡಿಕೊಂಡಿದ್ದಾರೆ. ಯಾವ ಕಂಪನಿಯ ಅಪ್ಪಣೆಗೂ ಅವರು ಕಾಯಲಿಲ್ಲ.

ಕನ್ನಡಕ್ಕೆ ಇದನ್ನು ಮಾಡಹೊರಡುವ ಹುಡುಗ ಹುಡುಗಿಯರಿಗೆ ಕೆಲವು ಸೂಚನೆಗಳು. ಮೂಲದ ಕಡತಗಳನ್ನು ಅಳಿಸದೆ ಬೇರೊಂದು ಕಡೆ ಪ್ರತಿಯಿಟ್ಟುಕೊಳ್ಳಿ. ಎಲ್ಲವನ್ನೂ ಒಂದೇ ಸಲ ಮುದ್ರಿಸಹೋಗದೆ ಎಡಕ್ಕೆ, ಬಲಕ್ಕೆ, ಅಂಕೆಗಳು, ಹಿಮ್ಮುರಿ, ಜೋಕೆ, ಹಾದಿ ಇಷ್ಟರಿಂದ ಮೊದಲುಮಾಡಿ ಒಂದು ದಾರಿಯನ್ನು ಓಡಿಸಿ ನೋಡಿ. ಎಲ್ಲ ಮಾತುಗಳನ್ನೂ ಒಬ್ಬರೇ, ಒಂದೇ ದಿನ, ಮೊಬೈಲನ್ನು ಬಾಯಿಂದ ಒಂದು ಗೇಣು ದೂರದಲ್ಲಿಟ್ಟುಕೊಂಡು ಹೇಳಬೇಕು. ಇಲ್ಲವಾದರೆ ಪೋಣಿಸಿದಾಗ ಒಂದು ಮಾತು ಹತ್ತಿರದಿಂದಲೂ ಇನ್ನೊಂದು ಬಾವಿಯೊಳಗಿಂದಲೂ ಬಂದಂತಿರುತ್ತದೆ. ಮಾತಿನ ಹಿಂದೆ ಮುಂದೆ ಮೌನವನ್ನು ಬಿಡದೆ ಕತ್ತರಿಸಿ. ಓದುವ ದನಿಯಲ್ಲಿ ಹೇಳದೆ, ಹೊಲದ ಆಚೆ ಬದಿಯಲ್ಲಿರುವವರಿಗೆ ಕೇಳಿಸುವ ದನಿಯಲ್ಲಿ ಹೇಳಿ. ಮೂರರ ‘ಮೂ’ವನ್ನು ಬೇಕೆಂದೇ ಒತ್ತಿ. ಕಿಟಕಿ ಬಾಗಿಲುಗಳನ್ನು ಮುಚ್ಚಿ, ಫ್ಯಾನನ್ನು ನಿಲ್ಲಿಸಿ, ಅಡಿಗೆಮನೆಯಲ್ಲಿ ಕುಕ್ಕರು ಕೂಗುವ ಹೊತ್ತನ್ನು ಬಿಟ್ಟು ಬೇರೆ ಹೊತ್ತನ್ನು ನೋಡಿಕೊಳ್ಳಬೇಕು. ಅರಸೀಕೆರೆಯವರಾದರೆ ರೈಲಿನ ವೇಳೆಯನ್ನೂ.